ನೀಲವ್ವನ ಕೆಮ್ಮಿಗೆ ಪಾಲುದಾರರು

ನಮ್ಮ ಸೋದರತ್ತೆ ನೀಲವ್ವನಿಗೆ ಜಡ್ಡು ಹಂಚಿಕೊಳ್ಳುವವರು ಯಾರೂ ಇರಲಿಲ್ಲ. ನಮ್ಮ ಊರಿನಲ್ಲಿ ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿಲ್ಲ. ಹೊಲ ಇಲ್ಲದವರು ಕೂಲಿಗೆ ಹೋಗಿ ಬದುಕುತ್ತಾರೆ, ಮನೆ ಇಲ್ಲದವರು ಬಾಡಿಗೆಗೆ ಇರುತ್ತಾರೆ. ಪಾಲುದಾರರಿಲ್ಲದವರು ಒಂದು ನೆಗಡಿಗೂ ಹಾಸಿಗೆ ಹಿಡಿಯುತ್ತಾರೆ.

ನಮ್ಮಲ್ಲಿ ಒಬ್ಬರಿಗೆ ಜ್ವರ ಬಂದರೆ, ಅವರ ಮೇಲೆ ಜೀವ ಇಟ್ಟುಕೊಂಡವರ ಮೈಗೆಲ್ಲ ಅದರ ಪಾಲು ಹೋಗುತ್ತದೆ. ಜನ ಹೆಚ್ಚಿದ್ದಷ್ಟೂ ಪಾಲು ಸಣ್ಣದು. ತುಂಬಿದ ಮನೆಯಲ್ಲಿ ಟೈಫಾಯಿಡ್ ಎಂದರೆ ಎಲ್ಲರಿಗೂ ಒಂದಿಷ್ಟು ಮೈಕೈ ನೋವು, ಎರಡು ಹೊತ್ತು ಗಂಜಿ, ಮುಗಿಯಿತು. ದವಾಖಾನೆಯಲ್ಲಿ ಡಾಕ್ಟರ್ ಇಂದುಬಾಯಿ ನಾಲಿಗೆ ನೋಡುವ ಮೊದಲೇ "ನಿಮ್ಮವರು ಯಾರ್ಯಾರು?" ಎಂದು ಕೇಳಿ ಅಷ್ಟೂ ಜನಕ್ಕೆ ಗುಳಿಗೆ ಬರೆಯುತ್ತಾರೆ. ಹೊಸ ಸೊಸೆಗೆ ಅತ್ತೆಯ ಮೊಣಕಾಲು ನೋವು ಬಂದ ದಿನ ಓಣಿಗೆಲ್ಲ ಸಕ್ಕರೆ ಹಂಚುತ್ತಾರೆ. ಗಂಡನಿಗೆ ಹಲ್ಲುನೋವು ಬಂದಾಗ ತನ್ನ ಹಲ್ಲು ನೆಟ್ಟಗೇ ಇರುವ ಹೆಂಡತಿ ಕೆನ್ನೆಗೆ ಸುಮ್ಮನೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಾಳೆ. ನಲ್ಲಿಯ ಹತ್ತಿರ ಉಳಿದ ಹೆಂಗಸರು ನೋಡಿಯೂ ನೋಡದ ಹಾಗೆ ಕೊಡ ತುಂಬಿಕೊಳ್ಳುತ್ತಾರೆ. ನಮ್ಮ ವಾರ್ಡಿನ ಮೆಂಬರ್ ಯಾರ ಮನೆಯಲ್ಲಿ ಜಡ್ಡಿದ್ದರೂ ಶಾಲು ಹೊದ್ದು ನಡುಗುತ್ತ ಬರುತ್ತಾನೆ. ಇಂದುಬಾಯಿ ಒಮ್ಮೆ ಎಲ್ಲರೆದುರು ಅವನ ಕಂಕುಳಿಗೆ ಥರ್ಮಾಮೀಟರ್ ಇಟ್ಟು ನೋಡಿ, "ನಿಮ್ಮ ಮೈ ಮಣ್ಣಿನ ಹರವಿ ನೀರಿಗಿಂತ ತಣ್ಣಗ ಐತಲ್ರಿ" ಎಂದಿದ್ದರು. ಮುಂದಿನ ಚುನಾವಣೆಯಲ್ಲೂ ಅವನೇ ಗೆದ್ದ. ಅದು ಬೇರೆ ಮಾತು.

ಯಾರ ಗುಣ ಎಂಥದು ಎಂಬುದು ಅವರ ಮೈಮೇಲೆ ಕಾಣುವ ಊರು ಇದು. ಚಿಂತೆ ಮಾಡುವವರಿಗೆ ಪಾಲು ದೊಡ್ಡದಾಗಿ ಬರುತ್ತದೆ, ಅವರು ರೋಗಿಗಿಂತ ಹೆಚ್ಚು ನರಳುತ್ತಾರೆ. ಚುಚ್ಚಿ ಮಾತಾಡುವವರ ಜ್ವರಕ್ಕೆ ಗಿರಾಕಿ ಸಿಗುವುದಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಚಹಾದಂಗಡಿ ಇಟ್ಟಿರುವ ಮಾಬುಸಾಬ್ ಕಾಕಾನಿಗೆ ಎಲ್ಲರೂ ಬೇಕು, ಹಾಗಾಗಿ ಊರಿನ ಅರ್ಧ ನೆಗಡಿ ಅವರ ಮೂಗಿನಲ್ಲೇ ಇರುತ್ತದೆ. ಆದರೆ ಎಲ್ಲರಿಗೂ ಅವರು ಬೇಕು, ಹಾಗಾಗಿ ಅವರು ಅಂಗಡಿ ಮುಚ್ಚಿದ್ದನ್ನು ಈ ವರ್ಷದ ತನಕ ಯಾರೂ ನೋಡಿರಲಿಲ್ಲ. "ನನ್ನ ಮೂಗು ಅಂದ್ರ ಊರ ನಲ್ಲಿ ಇದ್ದಂಗ. ಸೋರತೈತಿ, ಕೆಡೂದಿಲ್ಲ" ಎನ್ನುತ್ತಾರೆ.

ಅತ್ತೆಯದು ಹಿಟ್ಟಿನ ಗಿರಣಿ. ಆ ಸದ್ದಿನಲ್ಲಿ ಮಾತಾಡಿ ಮಾತಾಡಿ ಗಿರಣಿ ನಿಂತಾಗಲೂ ಕೂಗಿಯೇ ಮಾತಾಡುತ್ತಿದ್ದಳು. ಕೂಗಿದ್ದರಲ್ಲಿ ಹೆಚ್ಚಿನದು ಬೈಗಳು. ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಚನಬಸವ್ವನಿಗೆ, "ಜ್ವಾಳದಾಗ ಹರಳ ಹಾಕ್ಕೊಂಡ ಬಂದು ನನ್ನ ಕಲ್ಲ ಕೆಡಸ್ತಿ, ಹೊಟ್ಟಿಕಿಚ್ಚಿನಾಕಿ" ಎಂದಿದ್ದಳು. ತಿರಕಪ್ಪ ಮಾಸ್ತರರಿಗೆ ಅವರ ಶಾಲೆಯ ಹುಡುಗರ ಎದುರೇ, "ಒಂದು ಕಿಲೋ ಗೋದಿ ತಂದು ಒಂದೂವರೆ ಕಿಲೋ ಹಿಟ್ಟ ಕೇಳೂ ಮನಷ್ಯಾ ಹುಡುಗರಿಗೆ ಏನು ಲೆಕ್ಕಾ ಕಲಸ್ತಾನ?" ಎಂದಿದ್ದಳು. ಮಾಸ್ತರರು ಆವತ್ತಿನಿಂದ ಗೋದಿಯನ್ನು ಊರಿನ ಇನ್ನೊಂದು ತುದಿಯ ಗಿರಣಿಗೆ ಸೈಕಲ್ ಮೇಲೆ ಒಯ್ಯುತ್ತಿದ್ದರು.

ನನ್ನ ಅಪ್ಪ ಅತ್ತೆಯ ತಮ್ಮ. ನನ್ನ ಅವ್ವ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಹೋಗಿದ್ದಳು. ನನಗೆ ಎಂಟು ವರ್ಷ ಇದ್ದಾಗ ಅತ್ತೆಗೆ ಟೈಫಾಯಿಡ್ ಆಯಿತು. ಆಗ ನಾವು ಮೂವರೂ ಆ ಓಣಿಗೆ ಹೊಸಬರು, ಯಾರ ಗುರುತೂ ಇರಲಿಲ್ಲ. ಅಪ್ಪನಿಗೆ ಎದೆಯ ತೊಂದರೆ ಇತ್ತು. ಅತ್ತೆ ಎದ್ದಳು, ಅಪ್ಪ ಏಳಲಿಲ್ಲ. ಮರುವರ್ಷ ಅತ್ತೆ ನನ್ನ ಟ್ರಂಕು ತುಂಬಿ ಇದೇ ಊರಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ತಂದು ಹಾಕಿದಳು. ಗಿರಣಿಯ ಮಾಳಿಗೆ ಹತ್ತಿದರೆ ನಮ್ಮ ಹಾಸ್ಟೆಲಿನ ನೀರಿನ ಟಾಕಿ ಕಾಣುತ್ತದೆ. "ಮನ್ಯಾಗ ಜಾಗಾ ಇಲ್ಲ" ಎಂದಳು. ಮನೆಯಲ್ಲಿ ಎರಡು ಕೋಣೆ ಇದ್ದವು, ಅವಳೊಬ್ಬಳೇ ಇದ್ದಳು. ತಿಂಗಳಿಗೊಮ್ಮೆ ಹಿಟ್ಟಿನ ಚೀಲ ತಂದು ಗೇಟಿನ ಹತ್ತಿರ ಒಗೆದು, ವಾಚಮನ್ನನ ಜೊತೆ ಜಗಳವಾಡಿ, ನನ್ನನ್ನು ಕರೆಯದೆ ಹೋಗುತ್ತಿದ್ದಳು.

ನಾನು ಹಾಸ್ಟೆಲಿನ ಲೈಬ್ರರಿಯಲ್ಲಿ ಬೆಳೆದೆ. ಅಲ್ಲಿ ಹೊರಗಿನವರು ಬರೆದ ಪುಸ್ತಕಗಳೇ ಹೆಚ್ಚು. ಅವುಗಳಲ್ಲಿ ಒಬ್ಬ ಒಬ್ಬನೇ ಜ್ವರ ಬಂದು ಸಾಯುತ್ತಾನೆ, ಪಕ್ಕದಲ್ಲಿ ಕುಳಿತವಳು ತಣ್ಣಗಿನ ಮೈ ಇಟ್ಟುಕೊಂಡು ಬರೀ ಅಳುತ್ತಾಳೆ. ನಮ್ಮ ಊರಿನ ಹುಡುಗಿಯರು ಆ ಭಾಗ ಬಂದಾಗ ನಗುತ್ತಾರೆ. ನನಗೆ ನಗು ಬರುತ್ತಿರಲಿಲ್ಲ. ಅತ್ತೆಗೆ ಏನೇನೋ ಜಡ್ಡು ಬಂದುಹೋದವು, ನನ್ನ ಮೈ ಒಂದು ಸಲವೂ ಬಿಸಿಯಾಗಲಿಲ್ಲ. ಆ ಪುಸ್ತಕದವಳ ಹಾಗೆ ಅಳುವುದೂ ನನ್ನಿಂದ ಆಗಲಿಲ್ಲ.

ಈ ವರ್ಷ ನನ್ನ ಬಿ.ಎ. ಪರೀಕ್ಷೆಗಳು ನಡೆಯುತ್ತಿದ್ದಾಗ ದವಾಖಾನೆಯಿಂದ ಹೇಳಿಕಳಿಸಿದರು. ಅತ್ತೆ ಗಿರಣಿಯಲ್ಲಿ ಹಿಟ್ಟಿನ ಡಬ್ಬಿಯ ಪಕ್ಕ ಬಿದ್ದಿದ್ದಳಂತೆ. ನಾನು ಹೋದಾಗ ಅವಳ ತಲೆಗೂದಲಲ್ಲಿ, ಹುಬ್ಬಿನಲ್ಲಿ ಇನ್ನೂ ಹಿಟ್ಟು ಇತ್ತು. ಉಸಿರು ಎಳೆದಾಗ ಒಳಗೆ ಏನೋ ಕೆರೆದ ಸದ್ದು.

"ಎಡಗಡೆ ಪುಪ್ಪಸದಾಗ ನ್ಯುಮೋನಿಯಾ" ಎಂದರು ಇಂದುಬಾಯಿ. "ಔಷಧ ನಡದೈತಿ. ಆದ್ರ ಇದು ಒಂದ ಮೈ ಹೊರೂ ಜಡ್ಡಲ್ಲ. ಈಕಿ ಕಡಿಯವರು ಯಾರು?"

"ನಾನು" ಎಂದೆ.

ಅವರು ನನ್ನ ಹಣೆ ಮುಟ್ಟಿ ನೋಡಿದರು. ಕೈ ತೆಗೆದು ತಮ್ಮ ಸೀರೆಗೆ ಒರೆಸಿಕೊಂಡರು. "ನಿನ್ನ ಮೈಯಾಗ ಏನೂ ಇಲ್ಲಲ್ಲವಾ."

"ಇಲ್ರಿ."

"ಬ್ಯಾರೆ ಯಾರರ?"

"ಯಾರೂ ಇಲ್ರಿ."

"ಹಂಗಾದ್ರ ನಾಳಿ ಸಂಜಿತನಕ ನೋಡೋಣು" ಎಂದು ಅವರು ಮುಂದಿನ ಮಂಚಕ್ಕೆ ಹೋದರು. ಮುಂದಿನ ಮಂಚದಲ್ಲಿ ಹಾವು ಕಚ್ಚಿದ ಒಬ್ಬ ಮುದುಕ ಕುಳಿತು ಅವಲಕ್ಕಿ ತಿನ್ನುತ್ತಿದ್ದ. ಅವನ ಸುತ್ತ ಇಪ್ಪತ್ತು ಜನ, ಎಲ್ಲರ ಬಲಗಾಲೂ ಸ್ವಲ್ಪ ಸ್ವಲ್ಪ ಬಾತಿತ್ತು.

ಅತ್ತೆ ಕಣ್ಣು ತೆರೆದು ನನ್ನನ್ನು ನೋಡಿದಳು. "ಯಾಕ ಬಂದಿ? ಪರೀಕ್ಷಾ ಇಲ್ಲೇನು ನಿನಗ?"

"ಐತಿ."

"ಮತ್ತ ಇಲ್ಲೇನ ಮಾಡಾಕತ್ತಿ? ನಾ ಸತ್ರ ಗಿರಣಿ ಸಿಗತೈತಿ ಅಂತ ಕಾಯಾಕ ಬಂದಿಯೇನ? ಏಳು."

ನಾನು ಎದ್ದು ಹೊರಗೆ ಬಂದೆ. ಸಾಯುತ್ತಿರುವವಳು ಹೀಗೆ ಮಾತಾಡಿದರೆ ಯಾರ ಮೈ ಬಿಸಿಯಾಗುತ್ತದೆ? ಸಿಟ್ಟಿನಿಂದ ಹೊಟ್ಟೆ ಮಾತ್ರ ಬಿಸಿಯಾಗಿತ್ತು.

ಚಹಾ ಕುಡಿಯಲು ಮಾಬುಸಾಬ್ ಕಾಕಾನ ಅಂಗಡಿಗೆ ಹೋದೆ. ಅವರು ಮೂಗು ಒರೆಸಿಕೊಳ್ಳುತ್ತ, ಕೆಟಲಿನ ಕಡೆ ನೋಡಿಕೊಂಡೇ ಕೇಳಿದರು: "ಹೆಂಗದಾಳ ಆ ಬಾಯಿಬಡಕಿ?"

"ನಾಳಿ ಸಂಜಿತನಕ ಅಂದಾರ. ಪಾಲುದಾರರಿಲ್ಲ."

"ಎಲ್ಲಿಂದ ಇರತಾರ?" ಎಂದು ಲೋಟವನ್ನು ಕುಕ್ಕಿ ಇಟ್ಟರು. "ಒಂದ ಕಾಲಕ್ಕ ನಾನೂ ಆಕಿ ಪಾಲುದಾರ ಇದ್ದೆ, ಗೊತ್ತೈತೇನ? ನಿಮ್ಮಪ್ಪ ತೀರಕೊಂಡ ಮರುವರ್ಷ. ಆಕಿಗೆ ಕೆಮ್ಮು ಬಂತು, ನನಗೂ ಬಂತು. ನಾ ಖುಷಿಲೆ ಗಿರಣಿಗೆ ಹೋಗಿ, 'ನೀಲವ್ವಾ, ನಿನ್ನ ಕೆಮ್ಮು ನನಗ ಸಿಕ್ಕೈತಿ ನೋಡ' ಅಂತ ಕೆಮ್ಮಿ ತೋರಿಸಿದೆ. ಮರುದಿನ ಇಲ್ಲೇ, ಈ ಬೆಂಚಿನ ಮುಂದ ನಿಂತು, 'ಇಂವಾ ಚಹಾಕ್ಕ ಗಟಾರದ ನೀರ ಹಾಕ್ತಾನ' ಅಂದ್ಲು. ಬಸ್ ಬಂದ ಹೊತ್ತು, ಅಂಗಡಿ ತುಂಬ ಮಂದಿ. ಆವತ್ತಿನಿಂದ ನಾ ಆಕಿ ಮಾರಿ ನೋಡಿಲ್ಲ."

"ಕೆಮ್ಮು ಏನಾತು?"

"ಆವತ್ತ ಸಂಜೀಕ ನಿಂತಿತು." ಹಾಲು ಉಕ್ಕಿತು. ಅವರು ನೋಡಲಿಲ್ಲ, ನಾನೇ ಸ್ಟೋವಿನ ಉರಿ ಇಳಿಸಿದೆ.

ಪರೀಕ್ಷೆಯ ಓದು ಬಿಟ್ಟು ನಾನು ಚನಬಸವ್ವನ ಮನೆಗೆ ಹೋದೆ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನೀಲವ್ವನ ಹೆಸರು ತೆಗೆದ ಕೂಡಲೇ ಬಡಿತ ಜೋರಾಯಿತು. "ಹರಳ ಹಾಕ್ತೀನಂತ! ನಾನು! ನನ್ನ ಕೈಯಾನ ರೊಟ್ಟಿ ತಿಂದು ಯಾರ ಹಲ್ಲರ ಮುರದೈತೇನ ಕೇಳ."

"ಚಿಗವ್ವಾ, ಆಕಿ ಆ ಮಾತ ಅನ್ನೂ ಮುಂಚೆ ನಿನ್ನ ಮೈಯಾಗ ಏನರ ಇತ್ತೇನು? ಜ್ವರಾ, ನೆಗಡಿ?"

ಚನಬಸವ್ವನ ಕೈ ರೊಟ್ಟಿಯ ಮೇಲೆ ನಿಂತಿತು. "ಮೈ ಬಿಸಿ ಇತ್ತು" ಎಂದಳು. "ಆಕಿಗೂ ಇತ್ತು. ನಾ ಗಿರಣಿಗೆ ಹೋಗಿದ್ದ ಅದನ್ನ ಹೇಳಾಕ."

ತಿರಕಪ್ಪ ಮಾಸ್ತರರಿಗೆ ವಿವರಿಸಬೇಕಾಗಲಿಲ್ಲ. ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, ಕನ್ನಡಕ ತೆಗೆದು, "ಅಂದ್ರ ಆಕಿ ಯಾರ ಯಾರ ಜೋಡಿ ಜಗಳಾಡ್ಯಾಳ, ಅವರೆಲ್ಲ ಆಕಿ ಮಂದಿ" ಎಂದರು. ಲೆಕ್ಕ ಅವರಿಗೆ ಬರುತ್ತದೆ. ಅತ್ತೆ ಹೇಳಿದ್ದು ಸುಳ್ಳು.

ಅಲ್ಲಿಂದ ಹೊರಟಾಗ ನನಗೂ ಒಂದು ನೆನಪಾಯಿತು. ಹಾಸ್ಟೆಲಿಗೆ ಹಾಕುವ ಹಿಂದಿನ ದಿನ ನಾನು ಕೆಮ್ಮುತ್ತಿದ್ದೆ. ಅತ್ತೆಯೂ ಕೆಮ್ಮುತ್ತಿದ್ದಳು. ಅವಳು ನನ್ನ ಎದೆಯ ಮೇಲೆ ಕೈ ಇಟ್ಟು ತುಂಬ ಹೊತ್ತು ಕುಳಿತಿದ್ದಳು. ಆಮೇಲೆ ಎದ್ದು ಮಾಳಿಗೆಯಿಂದ ಟ್ರಂಕು ಇಳಿಸಿದಳು.

ಮರುದಿನ ಬೆಳಿಗ್ಗೆ ನನಗೆ ಇತಿಹಾಸದ ಪರೀಕ್ಷೆ ಇತ್ತು. ನಾನು ದವಾಖಾನೆಯ ಗೇಟಿನ ಹತ್ತಿರ ನಿಂತಿದ್ದೆ. ನಾನು ಕರೆದಿದ್ದ ಮೂವರೂ ಬಂದರು. ಚನಬಸವ್ವ ಹಸನು ಮಾಡಿದ ಜೋಳವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಮಾಬುಸಾಬ್ ಕಾಕಾ ಥರ್ಮಾಸಿನಲ್ಲಿ ಚಹಾ ತಂದಿದ್ದರು.

"ಈಗ ಹೋದ್ರ ಪಾಲು ಬರತೈತೇನ್ರಿ?" ಎಂದು ಚನಬಸವ್ವ ಕೇಳಿದಳು.

"ಪಾಲು ಬರಲಿ ಬಿಡಲಿ" ಎಂದರು ಕಾಕಾ, "ಗಟಾರದ ನೀರಿನ ಮಾತ ಕೇಳದ ಬಿಡೂದಿಲ್ಲ ನಾ."

"ನನಗ ಒಂದು ಸಣ್ಣ ಸಂಶಯ ಐತಿ" ಎಂದರು ಮಾಸ್ತರರು. "ನಮ್ಮನ್ನ ದೂರ ಮಾಡಿದ್ಲು, ಖರೆ. ಆದ್ರ ತಾನು ದೂರ ಆಗ್ಯಾಳೇನು? ನನಗ ಮಲೇರಿಯಾ ಆದಾಗ ನನ್ನ ಮನ್ಯಾಗ ನಾ ಒಬ್ಬನ. ಆದ್ರೂ ಹಗೂರ ಹೋತು. ನನ್ನ ಪಾಲು ಯಾರು ತಗೊಂಡ್ರು ಅಂತ ಇವತ್ತಿಗೂ ತಿಳಿದಿಲ್ಲ."

"ಆವಾಗ ಗಿರಣಿ ಬಂದ್ ಇತ್ತು" ಎಂದಳು ಚನಬಸವ್ವ. "ನನ್ನ ಬಾಣಂತನದಾಗೂ ಬಂದ್ ಇತ್ತು. ಮಷೀನ ಪಟ್ಟಾ ಹರದೈತಿ ಅಂತ ಬೋರ್ಡ ಹಾಕಿದ್ಲು."

"ನನಗ ಕಾಮಣಿ ಆಗಿ ಕಣ್ಣ ಹಳದಿ ಆದಾಗೂ ಪಟ್ಟಾ ಹರದಿತ್ತು" ಎಂದರು ಕಾಕಾ. ಆಮೇಲೆ ಯಾರನ್ನೋ ಬೈಯುವ ಹಾಗೆ, "ಒಂದ ಗಿರಣಿ ಪಟ್ಟಾ ಎಷ್ಟ ಸಲ ಹರೀತೈತಿ?" ಎಂದರು.

ನನಗೆ ಹಾಸ್ಟೆಲಿನಲ್ಲಿ ಗಂಟಲು ಬಾತು ಜ್ವರ ಬಂದಾಗ ಆ ತಿಂಗಳ ಹಿಟ್ಟು ಬಂದಿರಲಿಲ್ಲ. ನಾನು ಆಗ ಅವಳನ್ನು ಬೈದುಕೊಂಡಿದ್ದೆ.

ಒಳಗೆ ಅತ್ತೆಯ ತುಟಿ ನೀಲಿಯಾಗಿತ್ತು. ದಿಂಬು ಎತ್ತರಿಸಿ ಕೂರಿಸಿದ್ದರು. ಸಾಲಾಗಿ ನಿಂತ ನಮ್ಮನ್ನು ನೋಡಿ ಅವಳ ಕಣ್ಣು ದೊಡ್ಡವಾದವು. ಸಾವು ಕಂಡರೂ ಅವಳು ಅಷ್ಟು ಹೆದರುತ್ತಿರಲಿಲ್ಲ ಎಂದು ನನಗೆ ಅನಿಸಿತು. ಚನಬಸವ್ವ ಮುಂದೆ ಹೋಗಿ ಸೆರಗು ಬಿಚ್ಚಿ ಜೋಳವನ್ನು ಅವಳ ತೊಡೆಯ ಮೇಲೆ ಸುರಿದಳು.

"ನೋಡ. ಒಂದ ಹರಳ ತಗದು ತೋರಸ. ಆವತ್ತಿಂದ ನಾ ಮಾತಾಡಿಲ್ಲ, ಇವತ್ತ ಮಾತಾಡ್ತೀನಿ. ಓಣಿ ಮಂದಿ ಮುಂದ ನನ್ನ ಮರ್ಯಾದಿ ತಗದಿ. ಖಾನಾವಳಿಯವರು ಎರಡ ತಿಂಗಳ ನನ್ನ ರೊಟ್ಟಿ ಒಡದ ಒಡದ ನೋಡಿ ತಗೊಂಡ್ರು. ಗೊತ್ತೈತೇನ ನಿನಗ?"

"ಹೋಗ… ಹೋಗ ಸೊಟ್ಟಮಾರಿಯಾಕಿ" ಎಂದಳು ಅತ್ತೆ. ಆದರೆ ಬೈಯಲು ಉಸಿರು ಬೇಕು. ಅರ್ಧಕ್ಕೇ ನಿಂತಿತು.

"ಬೈ, ಬೈ. ಇನ್ನ ನಮಗ ಅದು ಹತ್ತೂದಿಲ್ಲ" ಎಂದರು ಮಾಸ್ತರರು. "ಯಾಕ ಬೈತಿ ಅಂತ ತಿಳದೈತಿ. ಇಷ್ಟ ವರ್ಷ ನಾ ಆ ದೂರದ ಗಿರಣಿಗೆ ಸೈಕಲ್ ತುಳದೀನಿ. ಅಲ್ಲಿ ಹಿಟ್ಟು ದಪ್ಪ ಬರತೈತಿ. ನಿನ್ನ ಸಲುವಾಗಿ ದಪ್ಪ ಚಪಾತಿ ತಿಂದೀನಿ ನಾ."

ಮಾಬುಸಾಬ್ ಕಾಕಾ ಥರ್ಮಾಸಿನ ಮುಚ್ಚಳಕ್ಕೆ ಚಹಾ ಸುರಿದು ಅವಳ ಮೂಗಿನ ಹತ್ತಿರ ಹಿಡಿದರು. "ಮೂಸಿ ನೋಡ. ಗಟಾರದ ನೀರೇನು ಇದು? ಹೇಳ, ಎಲ್ಲಾರೂ ಕೇಳಲಿ."

ಅತ್ತೆ ಮುಖ ತಿರುಗಿಸಿ ನನ್ನನ್ನು ನೋಡಿದಳು. "ಮಹಾನಂದಾ" ಎಂದಳು. ಅವಳು ನನ್ನ ಹೆಸರು ಹಿಡಿದು ಕರೆದದ್ದು ನನಗೆ ನೆನಪೇ ಇರಲಿಲ್ಲ. "ಇವರನ್ನ ಕರಕೊಂಡ ಹೋಗ. ನಿಮ್ಮಪ್ಪ ನನ್ನ ಪಾಲು ತಗೊಂಡ ಹ್ವಾದ. ಸಾಕು. ಮತ್ತ ಯಾರೂ ಹೋಗೂದು ಬ್ಯಾಡ."

ಆ ಕ್ಷಣದಲ್ಲಿ ಕಣ್ಣೀರು ಬರಬೇಕು ಎಂದು ಪುಸ್ತಕಗಳಲ್ಲಿ ಇರುತ್ತದೆ. ನನಗೆ ಬಂದದ್ದು ಸಿಟ್ಟು. "ಅಪ್ಪ ಯಾಕ ಹ್ವಾದ ಗೊತ್ತೈತೇನ ನಿನಗ?" ಎಂದೆ. ನನ್ನ ದನಿ ಅವಳ ದನಿಯ ಹಾಗೆಯೇ ವಾರ್ಡು ತುಂಬ ಕೇಳಿಸಿತು. "ನಿನ್ನ ಟೈಫಾಯಿಡಿಗೆ ಅಂವಾ ಒಬ್ಬನ ಇದ್ದ. ನಾ ಸಣ್ಣಾಕಿ, ನನ್ನ ಪಾಲೂ ಸಣ್ಣದು. ಹತ್ತ ಮಂದಿ ಇದ್ದಿದ್ರ ಅಂವಾ ಎರಡ ಸಲ ಸೀನಿ ಎದ್ದ ಹೋಗತಿದ್ದ. ಮಂದಿ ಸಾಲಲಿಲ್ಲ ಅಂತ ಸತ್ತಾನ. ನೀ ಏನ ಮಾಡಿದಿ? ಇದ್ದ ಮಂದೀನೂ ಕಡಿಮಿ ಮಾಡಿದಿ. ದಿನಾ ತೂಕಾ ಹಾಕೂ ಗಿರಣಿಯಾಕಿ ನೀನು. ಒಂದ ಚೀಲ ಹೊರಾಕ ಒಬ್ಬ ಬಿದ್ದ ಅಂದ್ರ, ಮುಂದಿನ ಸಲ ನಾಲ್ಕ ಮಂದೀನ ಕರೀತಾರೋ, ಇಲ್ಲಾ ಒಬ್ಬರ ಹೊರತಾರೋ? ನನ್ನ ಟ್ರಂಕ ಇಳಿಸಿದಿಯಲ್ಲ ಆವತ್ತ, ಒಂದ ಮಾತ ಹೇಳಿದ್ರ ಏನಾಗತಿತ್ತು? ಎರಡ ಕೋಲಿ ಮನ್ಯಾಗ ಜಾಗಾ ಇಲ್ಲ ಅಂದಿ. ನಾ ಅದನ್ನ ಖರೆ ಅಂತ ನಂಬಿದೆ."

ಹಾವು ಕಚ್ಚಿದ ಮುದುಕನೂ ಅವಲಕ್ಕಿ ಅಗಿಯುವುದನ್ನು ನಿಲ್ಲಿಸಿದ್ದ. ಅತ್ತೆ ಛಾವಣಿಯನ್ನು ನೋಡುತ್ತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು, ತೂಕದ ಲೆಕ್ಕ ಹಾಕುವಾಗ ಅಲ್ಲಾಡುವ ಹಾಗೆ. ಆಮೇಲೆ ಬಹಳ ಮೆಲ್ಲಗೆ, "ಹೌದಲ್ಲ" ಎಂದಳು.

ಆಗ ಚನಬಸವ್ವ ಕೆಮ್ಮಿದಳು.

ಎಲ್ಲರೂ ಅವಳತ್ತ ತಿರುಗಿದರು. ಅವಳು ಬಾಯಿಗೆ ಸೆರಗು ಹಿಡಿದು, "ಜ್ವಾಳದ ಧೂಳ" ಎಂದು ಇನ್ನೊಮ್ಮೆ ಕೆಮ್ಮಿದಳು. ಅದು ಧೂಳಿನ ಕೆಮ್ಮಲ್ಲ. ಎದೆಯ ಎಡಗಡೆಯಿಂದ, ಅತ್ತೆಯ ಉಸಿರಿನದೇ ಕೆರೆದ ಸದ್ದಿನಲ್ಲಿ ಬಂತು. ಮಾಸ್ತರರು ಗೋಡೆ ಹಿಡಿದುಕೊಂಡರು. ಅವರಿಗೆ ಕೆಮ್ಮು ಎಷ್ಟು ಜೋರಾಗಿ ಬಂತೆಂದರೆ, ಮೊದಲೇ ಅಲ್ಲಾಡುತ್ತಿದ್ದ ಮುಂದಿನ ಹಲ್ಲು ಹೋಗಿ ಜೋಳದ ಕಾಳುಗಳ ನಡುವೆ ಬಿತ್ತು.

"ಸಿಕ್ತು ನೋಡ ಹರಳ" ಎಂದರು ಮಾಬುಸಾಬ್ ಕಾಕಾ. ನಕ್ಕು ಮುಗಿಸುವ ಮೊದಲೇ ಅವರಿಗೂ ಕೆಮ್ಮು ಬಂತು. ಅವರು ಕೆಮ್ಮುತ್ತ ಕೆಮ್ಮುತ್ತ ಕೈಬೆರಳು ತೋರಿಸಿ ಅತ್ತೆಗೆ, "ಸಿಕ್ಕೈತಿ ನೀಲವ್ವಾ, ಮತ್ತ ಸಿಕ್ಕೈತಿ" ಎಂದರು.

ನನಗೆ ತಡವಾಗಿ ಬಂತು. ಮೊದಲು ಬೆನ್ನಿನಲ್ಲಿ ಚಳಿ, ಆಮೇಲೆ ಎಡಪಕ್ಕೆಯಲ್ಲಿ ಯಾರೋ ಮೊಣಕೈ ಊರಿದ ಹಾಗೆ. ಉಸಿರು ಎಳೆದರೆ ಪೂರ್ತಿ ಒಳಗೆ ಹೋಗಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಹಗುರ ಎನಿಸಿದ್ದು ಅದೇ ಮೊದಲು. ನಾನು ಮಂಚದ ಕಂಬಿ ಹಿಡಿದು ಕುಳಿತು ಕೆಮ್ಮಿದೆ. ಅತ್ತೆ ಕೈ ಚಾಚಿ ನನ್ನ ಎದೆಯ ಮೇಲೆ ಇಟ್ಟಳು. ತೆಗೆಯಲಿಲ್ಲ.

ಇಂದುಬಾಯಿ ಓಡಿ ಬಂದರು. ಐದು ಜನರ ಕಂಕುಳಿಗೂ ಥರ್ಮಾಮೀಟರ್ ಇಟ್ಟರು. ಮೆಂಬರ್ ಶಾಲು ಹೊದ್ದು ಬಾಗಿಲ ಹತ್ತಿರ ಬಂದಿದ್ದ. "ನಿಮ್ಮದು ಬ್ಯಾಡ, ಹೋಗ್ರಿ" ಎಂದರು. ಆಮೇಲೆ ನಮ್ಮ ಹೆಸರುಗಳನ್ನು ಕೇಳಿ ಚೀಟಿಯ ಮೇಲೆ ಒಂದರ ಕೆಳಗೊಂದು ಬರೆದು, "ಮತ್ತ ಯಾರೂ ಇಲ್ಲ ಅಂದಿದ್ದಿ?" ಎಂದು ನನ್ನನ್ನು ಗದರಿಸಿದರು.

ಸಂಜೆಯ ಹೊತ್ತಿಗೆ ಅತ್ತೆಯ ತುಟಿಗೆ ಬಣ್ಣ ಬಂತು. ನಾವು ನಾಲ್ವರೂ ವಾರ್ಡಿನ ನೆಲದ ಮೇಲೆ ಕಂಬಳಿ ಹಾಸಿ ಮಲಗಿದ್ದೆವು. ದನಿ ಬಂದ ಕೂಡಲೇ ಅತ್ತೆ ಶುರು ಮಾಡಿದಳು: "ಮಾಸ್ತರ, ಹಂಗ ನರಳಬ್ಯಾಡ, ಸಾಯೂಹಂಗ ನಾಟಕಾ ಮಾಡ್ತಿ. ಏ ಚನ್ನಿ, ಕಾಳ ಆರಿಸಿಕೋ, ತುಳದಾರು. ಈ ಚಹಾ ಯಾರ ಮಾಡಿದ್ದು? ಸಕ್ರಿ ಹಾಕೂದು ಗೊತ್ತಿಲ್ಲ ಇಂವಗ." ಗುಣ ಬದಲಾಗಲಿಲ್ಲ. ಗುಣ ಬದಲಾಗುತ್ತದೆ ಎಂದು ನಾನು ಎಲ್ಲೂ ಹೇಳಿಲ್ಲ. ಕೇಳುವವರು ಬದಲಾಗಿದ್ದರು, ಯಾರಿಗೂ ಅದು ಹತ್ತಲಿಲ್ಲ. ಕಾಕಾ ನೆಲದ ಮೇಲಿಂದಲೇ, "ಸಕ್ರಿ ಗಟಾರಕ್ಕ ಹೋತು" ಎಂದರು. ಅತ್ತೆ ನಕ್ಕಳು. ಆಗ ನಮ್ಮೆಲ್ಲರ ಪಕ್ಕೆಯಲ್ಲೂ ಒಟ್ಟಿಗೆ ನೋವಾಯಿತು.

ನಾನು ಈಗ ಗಿರಣಿಯ ಮನೆಯ ಎರಡನೆಯ ಕೋಣೆಯಲ್ಲಿದ್ದೇನೆ. ಲೈಬ್ರರಿಗೆ ಮಾತ್ರ ಹಾಸ್ಟೆಲಿಗೆ ಹೋಗುತ್ತೇನೆ. ಗಿರಣಿ ನಡೆಯುತ್ತಿದೆ, ಪಟ್ಟಾ ಆಮೇಲೆ ಹರಿದಿಲ್ಲ. ಕಳೆದದ್ದು ಇಷ್ಟು: ಮಾಬುಸಾಬ್ ಕಾಕಾನ ಅಂಗಡಿಯ ಎರಡು ದಿನ, ತಿರಕಪ್ಪ ಮಾಸ್ತರರ ಒಂದು ಹಲ್ಲು, ಚನಬಸವ್ವನ ನಾಲ್ಕು ಸೇರು ಜೋಳ, ನನ್ನ ಇತಿಹಾಸದ ಪರೀಕ್ಷೆ, ಅತ್ತೆಯ ಎಡ ಪುಪ್ಪಸದ ಕೆಳಗಿನ ಒಂದು ತುಂಡು, ಮತ್ತು ಹನ್ನೊಂದು ವರ್ಷ.